ಒಂದೇ ಮೇನ್‌ಫ್ರೇಮ್‌ನ ಗೆಸ್ಟ್‌ಗಳ ನಡುವೆ ಡೇಟಾ ಬೇಗ ಹಂಚುವುದು ಹೇಗೆ: ಝಡ್‌ವಿಎಂ ಬಳಸುವವರಿಗೆ ಸಮಗ್ರ ಮಾರ್ಗದರ್ಶಿ

ಒಂದೇ ಝಡ್‌ವಿಎಂ ಮೇಲೆ, ಅಂದರೆ ಒಂದು ಮೇನ್‌ಫ್ರೇಮನ್ನು ಹಲವು ವರ್ಚುವಲ್ ಯಂತ್ರಗಳಾಗಿ ಹಂಚಿಕೊಡುವ ಐಬಿಎಂ ತಂತ್ರಾಂಶದ ಮೇಲೆ, ಎರಡು ಲಿನಕ್ಸ್ ಗೆಸ್ಟ್‌ಗಳು (ಅಂಥ ವರ್ಚುವಲ್ ಯಂತ್ರಗಳು) ಓಡುತ್ತಿವೆ ಅಂದುಕೊಳ್ಳಿ. ಒಂದರಲ್ಲಿರುವ ಫೈಲ್ ಇನ್ನೊಂದಕ್ಕೆ ಬೇಕು. ನಮ್ಮಲ್ಲಿ ಹೆಚ್ಚಿನವರು ಏನು ಮಾಡುತ್ತೇವೆ? ಎಸ್‌ಸಿಪಿ, ಅಂದರೆ ನೆಟ್‌ವರ್ಕ್ ಮೂಲಕ ಫೈಲ್ ಕಾಪಿ ಮಾಡುವ ಕಮಾಂಡ್, ಹೊಡೆಯುತ್ತೇವೆ. ಆಗ ಮೊದಲ ಗೆಸ್ಟ್ ಡಿಸ್ಕ್‌ನಿಂದ ಓದುತ್ತದೆ, ಎನ್‌ಕ್ರಿಪ್ಟ್ ಮಾಡುತ್ತದೆ, 1500 ಬೈಟ್‌ಗಳ ಚೂರು ಮಾಡಿ ಕಳಿಸುತ್ತದೆ. ಎರಡನೆಯದು ಆ ಚೂರುಗಳನ್ನೆಲ್ಲ ಜೋಡಿಸಿ, ಡಿಕ್ರಿಪ್ಟ್ ಮಾಡಿ, ಮತ್ತೆ ಡಿಸ್ಕ್‌ಗೆ ಬರೆಯುತ್ತದೆ. ಎರಡೂ ಇರುವುದು ಒಂದೇ ಮೆಮೊರಿಯಲ್ಲಿ! ಪಕ್ಕದ ಕೋಣೆಗೆ ಹೋಗಲು ಊರೆಲ್ಲ ಸುತ್ತಿ ಬಂದ ಹಾಗಾಯಿತು, ಅಲ್ವಾ?

ನಾನು ಹೇಳಹೊರಟಿರುವುದು ಇಷ್ಟೇ. ಡೇಟಾವನ್ನು ಸಾಗಿಸುವ ಬಗ್ಗೆ ಯೋಚಿಸುವ ಮೊದಲು, ಸಾಗಿಸದೆಯೇ ಕೆಲಸ ಆಗುತ್ತದಾ ನೋಡಿ. ಆಗುವುದಿದ್ದರೆ ಅದಕ್ಕಿಂತ ವೇಗದ ದಾರಿ ಇಲ್ಲ. ಆಗದಿದ್ದರೆ ಮಾತ್ರ ನೆಟ್‌ವರ್ಕ್ ಕಡೆ ತಿರುಗಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಮಾಂಡ್‌ಗಳ ಹೆಸರನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ. ಲಿನಕ್ಸ್ ಒಳಗಿಂದ ಸಿಪಿಯ, ಅಂದರೆ ಗೆಸ್ಟ್‌ಗಳನ್ನು ನಡೆಸುವ ಝಡ್‌ವಿಎಂನ ತಿರುಳಿನ, ಕಮಾಂಡ್ ಓಡಿಸಲು ವಿಎಂಸಿಪಿ ಅನ್ನುವ ಪುಟ್ಟ ಟೂಲ್ ಇದೆ. ಅದು ಎಸ್390-ಟೂಲ್ಸ್ ಪ್ಯಾಕೇಜ್‌ನಲ್ಲಿ ಬರುತ್ತದೆ, ಈಗಲೇ ಹಾಕಿಟ್ಟುಕೊಳ್ಳಿ.

ಕೀಬೋರ್ಡ್ ಮುಟ್ಟುವ ಮೊದಲು ಮೂರು ಪ್ರಶ್ನೆ

ಗೆಸ್ಟ್‌ಗಳು ಎಲ್ಲಿವೆ? ಒಂದೇ ಝಡ್‌ವಿಎಂ ಒಳಗಿದ್ದರೆ ಎಲ್ಲ ದಾರಿಗಳೂ ತೆರೆದಿವೆ. ಒಂದೇ ಯಂತ್ರದಲ್ಲಿದ್ದು ಬೇರೆ ಬೇರೆ ಎಲ್‌ಪಾರ್‌ಗಳಲ್ಲಿದ್ದರೆ (ಯಂತ್ರವನ್ನೇ ಪಾಲು ಮಾಡಿದ ವಿಭಾಗಗಳು) ಮೆಮೊರಿ ಪುಟಗಳನ್ನು ನೇರವಾಗಿ ಹಂಚಲು ಆಗುವುದಿಲ್ಲ, ಆದರೆ ಹೈಪರ್‌ಸಾಕೆಟ್ಸ್ ಮತ್ತು ಎಸ್‌ಎಂಸಿ-ಡಿ ಅನ್ನುವ ಯಂತ್ರದೊಳಗಿನ ನೆಟ್‌ವರ್ಕ್ ದಾರಿಗಳು ಕೆಲಸ ಮಾಡುತ್ತವೆ. ಯಂತ್ರವೇ ಬೇರೆ ಅಂದರೆ ಈ ಬರಹದಲ್ಲಿ ನಿಮಗೆ ಬೇಕಾದದ್ದು ಸಿಗುವುದಿಲ್ಲ, ಮಾಮೂಲಿ ನೆಟ್‌ವರ್ಕ್ ಕಾರ್ಡೇ ಗತಿ.

ಬರೆಯುವವರು ಎಷ್ಟು ಜನ? ಒಬ್ಬ ಬರೆದು ಹತ್ತು ಗೆಸ್ಟ್‌ಗಳು ಓದುವುದಾದರೆ ಕೆಲಸ ಸುಲಭ. ಇಬ್ಬರು ಒಟ್ಟಿಗೆ ಬರೆಯುತ್ತಾರೆ ಅಂದ ತಕ್ಷಣ ಲಾಕ್ ಬೇಕು, ಅಂದರೆ ಕ್ಲಸ್ಟರ್ ಫೈಲ್ ಸಿಸ್ಟಂ ಬೇಕು, ಆ ಕಥೆಯೇ ಬೇರೆ.

ಡೇಟಾ ಎಷ್ಟು ಸಲ ಬದಲಾಗುತ್ತದೆ? ವಾರಕ್ಕೊಮ್ಮೆಯಾ, ಸೆಕೆಂಡಿಗೆ ಸಾವಿರ ಸಲವಾ? ನಿಮ್ಮ ದಾರಿಯನ್ನು ಈ ಉತ್ತರವೇ ತೀರ್ಮಾನಿಸುವುದು.

ಎಲ್ಲಕ್ಕಿಂತ ಸುಲಭದ್ದು: ಓದಲು ಮಾತ್ರ ಲಿಂಕ್ ಮಾಡಿದ ಮಿನಿಡಿಸ್ಕ್

ಬರೆಯುವ ಗೆಸ್ಟ್‌ನ ಮಿನಿಡಿಸ್ಕನ್ನು, ಅಂದರೆ ಝಡ್‌ವಿಎಂ ಅದಕ್ಕೆ ಕೊಟ್ಟ ಡಿಸ್ಕ್ ಭಾಗವನ್ನು, ಉಳಿದವರು ಲಿಂಕ್ ಕಮಾಂಡ್‌ನಿಂದ ಆರ್‌ಆರ್ (ಓದಲು ಮಾತ್ರ) ಮೋಡ್‌ನಲ್ಲಿ ತೆಗೆದುಕೊಳ್ಳಲಿ. ಲಿನಕ್ಸ್‌ನಲ್ಲಿ ಆ ಸಾಧನವನ್ನು ಆನ್‌ಲೈನ್ ಮಾಡಿ, ಆರ್‌ಓ ಆಗಿ ಮೌಂಟ್ ಮಾಡಿ. ಮುಗಿಯಿತು. ಮಿನಿಡಿಸ್ಕ್ ಕ್ಯಾಶ್ ಆನ್ ಇದ್ದರೆ ಒಬ್ಬರು ಓದಿದ್ದನ್ನು ಸಿಪಿ ತನ್ನ ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ. ಎರಡನೆಯವರು ಕೇಳಿದಾಗ ಡಿಸ್ಕ್‌ವರೆಗೆ ಹೋಗುವುದೇ ಇಲ್ಲ.

ಫೈಲ್ ಸಿಸ್ಟಂ ಇಎಕ್ಸ್‌ಟಿ4 ಆಗಿದ್ದರೆ ಓದುವವರ ಮೌಂಟ್‌ಗೆ ನೋಲೋಡ್ ಆಯ್ಕೆಯನ್ನೂ ಸೇರಿಸಿ. ಇಲ್ಲದಿದ್ದರೆ ಕರ್ನೆಲ್ ಜರ್ನಲ್ (ಬದಲಾವಣೆಗಳ ದಾಖಲೆ) ಸರಿಪಡಿಸಲು ಹೊರಡಬಹುದು, ಬರೆಯುವ ಹಕ್ಕಿಲ್ಲದ ಡಿಸ್ಕ್‌ನಲ್ಲಿ ಅದು ಆಗದೆ ಮೌಂಟೇ ಬಿದ್ದುಹೋಗುತ್ತದೆ. ಇನ್ನೊಂದು ವಿಷಯ. ಬರೆಯುವವನು ಹೊಸ ಫೈಲ್ ಹಾಕಿದ ಅಂತ ಓದುವವರಿಗೆ ತಾನಾಗಿ ಗೊತ್ತಾಗುವುದಿಲ್ಲ. ಅವರ ಕರ್ನೆಲ್ ಹಳೆಯದನ್ನೇ ನೆನಪಿಟ್ಟುಕೊಂಡು ಕೂತಿರುತ್ತದೆ. ಅನ್‌ಮೌಂಟ್ ಮಾಡಿ ಮತ್ತೆ ಮೌಂಟ್ ಮಾಡಲೇಬೇಕು. ಅದಕ್ಕೇ, ಓದುವವರೆಲ್ಲ ಇಳಿದ ಮೇಲೆ ಬರೆಯಿರಿ, ಬರೆದು ಮುಗಿದ ಮೇಲೆ ಅವರನ್ನು ಹತ್ತಿಸಿ.

ಎಂಡಬ್ಲ್ಯೂ ಮೋಡ್ ಬಗ್ಗೆ ಎಚ್ಚರ. ಅದು ಇಬ್ಬರಿಗೂ ಬರೆಯಲು ಬಿಡುತ್ತದೆ, ಯಾವ ತಕರಾರೂ ತೆಗೆಯುವುದಿಲ್ಲ. ಅದನ್ನು ನಂಬಿ ನಾನು ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ. ಇಬ್ಬರೂ ಬೇರೆ ಬೇರೆ ಡೈರೆಕ್ಟರಿಯಲ್ಲಿ ತಾನೇ ಬರೆಯುವುದು, ಏನಾಗುತ್ತದೆ ಮಹಾ ಅಂತ ಧೈರ್ಯ ಮಾಡಿದ್ದೆ. ಡೈರೆಕ್ಟರಿ ಬೇರೆಯಾದರೂ ಯಾವ ಬ್ಲಾಕ್ ಖಾಲಿ ಇದೆ ಅನ್ನುವ ಪಟ್ಟಿ ಇಬ್ಬರಿಗೂ ಒಂದೇ, ಅದನ್ನು ಇಬ್ಬರೂ ತಮ್ಮ ತಮ್ಮ ಮೆಮೊರಿಯಲ್ಲಿ ಇಟ್ಟುಕೊಂಡು ತಿದ್ದುತ್ತಾರೆ. ಎರಡು ದಿನ ಎಲ್ಲ ಚೆನ್ನಾಗಿತ್ತು. ಮೂರನೇ ದಿನ ಒಬ್ಬರ ಫೈಲ್ ಒಳಗೆ ಇನ್ನೊಬ್ಬರ ಡೇಟಾ! ಬ್ಯಾಕಪ್ ಇತ್ತು, ಬಚಾವಾದೆ.

ತಾತ್ಕಾಲಿಕ ಡೇಟಾ ಆದರೆ ವಿಡಿಸ್ಕ್ ಚೆನ್ನಾಗಿದೆ. ಅದು ಮೆಮೊರಿಯಲ್ಲೇ ಇರುವ ಡಿಸ್ಕ್. ಹಂಚಬೇಕು ಅಂದರೆ ಅದನ್ನು ಯೂಸರ್ ಡೈರೆಕ್ಟರಿಯಲ್ಲಿ (ಝಡ್‌ವಿಎಂ ಪ್ರತಿ ಗೆಸ್ಟ್‌ನ ವಿವರ ಇಡುವ ಕಡತ) ಎಂಡಿಸ್ಕ್ ಸಾಲಾಗಿ ಬರೆದಿರಬೇಕು, ಡಿಫೈನ್ ಕಮಾಂಡ್‌ನಿಂದ ಆ ಕ್ಷಣಕ್ಕೆ ಮಾಡಿಕೊಂಡ ವಿಡಿಸ್ಕ್ ಆ ಗೆಸ್ಟ್‌ಗೆ ಮಾತ್ರ. ಕೊನೆಯ ಬಳಕೆದಾರ ಬಿಟ್ಟುಹೋದ ಕ್ಷಣ ಅದರಲ್ಲಿದ್ದದ್ದೆಲ್ಲ ಮಾಯ. ಇದು ಗೊತ್ತಿದ್ದೂ ಜನ ಅಲ್ಲಿ ಮುಖ್ಯವಾದ ಫೈಲ್ ಇಡುತ್ತಾರೆ, ಏನು ಹೇಳೋಣ.

ನಿಜವಾದ ಹಂಚಿಕೆ: ಡಿಸಿಎಸ್‌ಎಸ್

ಪುಟಗಳನ್ನು ಹಂಚುವ ಐಡಿಯಾ ವಿಎಂ ಲೋಕಕ್ಕೆ ಹೊಸದಲ್ಲ. ಐಬಿಎಂ 1972ರಲ್ಲಿ ವಿಎಂ/370 ಘೋಷಿಸಿತು, ಆಗಿನ ಯಂತ್ರಗಳ ಮೆಮೊರಿ ಎಷ್ಟು ಚಿಕ್ಕದಿತ್ತು ಅಂದರೆ ಹಂಚಿಕೊಳ್ಳದೆ ಬೇರೆ ದಾರಿಯೇ ಇರಲಿಲ್ಲ. ನೂರು ಜನ ಸಿಎಂಎಸ್ (ವಿಎಂನದೇ ಪುಟ್ಟ ಆಪರೇಟಿಂಗ್ ಸಿಸ್ಟಂ) ಬಳಸುತ್ತಿದ್ದರೆ ಸಿಎಂಎಸ್‌ನ ನೂರು ಪ್ರತಿ ಇಡುವುದು ಯಾಕೆ? ಒಂದೇ ಪ್ರತಿ ಇಡಿ, ಎಲ್ಲರ ವಿಳಾಸ ಪಟ್ಟಿಯಲ್ಲೂ ಅದನ್ನೇ ತೋರಿಸಿ. ಡಿಸಿಎಸ್‌ಎಸ್, ಅಂದರೆ ಗೆಸ್ಟ್‌ಗಳು ಹಂಚಿಕೊಳ್ಳುವ ಮೆಮೊರಿ ಸೆಗ್ಮೆಂಟ್ (ತುಂಡು), ಮಾಡುವುದೂ ಇದನ್ನೇ. ನಿಮ್ಮ ಡೇಟಾ ನಿಜವಾದ ಮೆಮೊರಿಯಲ್ಲಿ ಒಂದೇ ಕಡೆ ಇರುತ್ತದೆ, ಪ್ರತಿ ಗೆಸ್ಟ್ ಅದನ್ನು ತನ್ನದೇ ಮೆಮೊರಿ ಅನ್ನುವ ಹಾಗೆ ನೋಡುತ್ತದೆ. ಕಾಪಿ ಇಲ್ಲ, ಪ್ಯಾಕೆಟ್ ಇಲ್ಲ, ಡಿಸ್ಕ್ ಓದುವುದೂ ಇಲ್ಲ.

ಲೆಕ್ಕ ನೋಡಿ. 512 ಎಂಬಿ ಡೇಟಾ, 20 ಗೆಸ್ಟ್. ಪ್ರತಿಯೊಬ್ಬರೂ ತಮ್ಮ ತಮ್ಮ ಪೇಜ್ ಕ್ಯಾಶ್‌ನಲ್ಲಿ (ಓದಿದ ಫೈಲ್‌ಗಳನ್ನು ಕರ್ನೆಲ್ ಇಡುವ ಮೆಮೊರಿ) ಇಟ್ಟುಕೊಂಡರೆ 10 ಜಿಬಿ ಹೋಯಿತು. ಹಂಚಿದರೆ 512 ಎಂಬಿ, ಅಷ್ಟೇ.

ಒಂದು ಸೆಗ್ಮೆಂಟ್‌ನ ಗರಿಷ್ಠ ಗಾತ್ರ 2047 ಎಂಬಿ. ಅದಕ್ಕಿಂತ ಜಾಸ್ತಿ ಬೇಕಾದರೆ ಹಲವು ಸೆಗ್ಮೆಂಟ್‌ಗಳನ್ನು ಒಂದರ ಪಕ್ಕ ಒಂದು ಇಟ್ಟು, ಲಿನಕ್ಸ್‌ನಲ್ಲಿ ಹೆಸರುಗಳ ನಡುವೆ ಕೋಲನ್ ಹಾಕಿ ಒಂದೇ ಸಾಧನವಾಗಿ ಸೇರಿಸಬಹುದು. ಝಡ್‌ವಿಎಂ 5.4ರಿಂದ ಇವುಗಳನ್ನು 512 ಜಿಬಿ ವಿಳಾಸದವರೆಗೆ ಎಲ್ಲಿ ಬೇಕಾದರೂ ಇಡಬಹುದು. ಹಿಂದೆ 2 ಜಿಬಿ ಒಳಗೇ ತುರುಕಬೇಕಿತ್ತು, ಆ ಕಾಲದ ಹಳೇ ಸಲಹೆಗಳು ಇನ್ನೂ ಸುತ್ತಾಡುತ್ತಿವೆ, ನಂಬಬೇಡಿ.

*ಹೆಜ್ಜೆ 1, ಜಾಗ ಆರಿಸುವುದು.* ಇದರಲ್ಲಿ ಎಡವಿದರೆ ಮುಂದಿನದೆಲ್ಲ ವ್ಯರ್ಥ. ಸೆಗ್ಮೆಂಟ್ ಕೂರುವ ವಿಳಾಸ ಗೆಸ್ಟ್‌ನ ಸ್ವಂತ ಮೆಮೊರಿಯ ಮೇಲೆ ಬೀಳಬಾರದು. ಗೆಸ್ಟ್‌ಗಳಿಗೆ 4 ಜಿಬಿ ಇದೆ ಅನ್ನೋಣ, ನಾವು 8 ಜಿಬಿಯಿಂದ ಶುರು ಮಾಡೋಣ. ನಾಳೆ ಯಾರೋ ಗೆಸ್ಟ್‌ನ ಮೆಮೊರಿ ಹೆಚ್ಚಿಸಿದರೂ ಸ್ವಲ್ಪ ಜಾಗ ಉಳಿದಿರುತ್ತದೆ. ಸಿಪಿ ಕೇಳುವುದು ಬೈಟ್ ಅಲ್ಲ, 4 ಕೆಬಿ ಪುಟದ ಸಂಖ್ಯೆ, ಅದೂ ಹೆಕ್ಸ್‌ನಲ್ಲಿ. 1 ಎಂಬಿ ಅಂದರೆ 256 ಪುಟ, ಹೆಕ್ಸ್‌ನಲ್ಲಿ 100. ಹಾಗಾಗಿ 8 ಜಿಬಿ ಅಂದರೆ ಹೆಕ್ಸ್ 200000. ನಮ್ಮ 512 ಎಂಬಿ ಅಂದರೆ ಹೆಕ್ಸ್ 20000 ಪುಟ. ಕೊನೆಯ ಪುಟ 21ಎಫ್‌ಎಫ್‌ಎಫ್‌ಎಫ್. ಶುರು ಮತ್ತು ಕೊನೆ ಎರಡೂ ಎಂಬಿ ಗಡಿಯಲ್ಲೇ ಬರುವಂತೆ ನೋಡಿಕೊಳ್ಳಿ, ಅಂದರೆ ಶುರುವಿನ ಸಂಖ್ಯೆ ಎರಡು ಸೊನ್ನೆಯಿಂದಲೂ ಕೊನೆಯದು ಎರಡು ಎಫ್‌ನಿಂದಲೂ ಮುಗಿಯಬೇಕು.

*ಹೆಜ್ಜೆ 2, ಸೆಗ್ಮೆಂಟ್ ಹುಟ್ಟಿಸುವುದು.* ಇದಕ್ಕೆ ಇ ಕ್ಲಾಸ್ ಹಕ್ಕಿರುವ (ಯಾರು ಯಾವ ಸಿಪಿ ಕಮಾಂಡ್ ಕೊಡಬಹುದು ಅನ್ನುವುದಕ್ಕೆ ಅಕ್ಷರದ ಕ್ಲಾಸ್‌ಗಳಿವೆ) ಸಿಎಂಎಸ್ ಐಡಿ ಬೇಕು. ಆ ಐಡಿಯ ಮೆಮೊರಿ ನಮ್ಮ ಸೆಗ್ಮೆಂಟ್‌ನ ಕೊನೆಯವರೆಗೆ ಮುಟ್ಟಬೇಕು, ಅದಕ್ಕೆ ಡಿಫೈನ್ ಸ್ಟೋರೇಜ್ ಕೊಟ್ಟು 9ಜಿ ಮಾಡಿ, ಸಿಎಂಎಸ್ ಮತ್ತೆ ಐಪಿಎಲ್ (ಬೂಟ್) ಮಾಡಿ. ಈ ಕಮಾಂಡ್ ಯಂತ್ರವನ್ನು ರಿಸೆಟ್ ಮಾಡಿ ಮೆಮೊರಿಯನ್ನೆಲ್ಲ ಒರೆಸಿಹಾಕುತ್ತದೆ, ಓಡುತ್ತಿರುವ ಲಿನಕ್ಸ್ ಗೆಸ್ಟ್‌ನಿಂದ ಅಪ್ಪಿತಪ್ಪಿಯೂ ಕೊಡಬೇಡಿ. ನಂತರ ಡೆಫ್‌ಸೆಗ್, ಸೆಗ್ಮೆಂಟ್ ಹೆಸರು, ಪುಟಗಳ ವ್ಯಾಪ್ತಿ, ಕೊನೆಯಲ್ಲಿ ಎಸ್‌ಆರ್. ಎಸ್‌ಆರ್ ಅಂದರೆ ಹಂಚಿದ್ದು, ಓದಲು ಮಾತ್ರ. ಹೆಸರು ಎಂಟು ಅಕ್ಷರದೊಳಗೆ ಇರಲಿ. ಕೊನೆಗೆ ಸೇವ್‌ಸೆಗ್ ಮತ್ತು ಅದೇ ಹೆಸರು.

ಕ್ವೆರಿ ಎನ್‌ಎಸ್‌ಎಸ್ ಮ್ಯಾಪ್ ಕೊಟ್ಟು ನೋಡಿ. ಕ್ಲಾಸ್ ಕಾಲಂನಲ್ಲಿ ಎಸ್ ಇದ್ದರೆ ಇನ್ನೂ ಬರೀ ಅಸ್ಥಿಪಂಜರ, ಸೇವ್ ಆಗಿಲ್ಲ. ಎ ಇದ್ದರೆ ಜೀವ ಬಂದಿದೆ. ಸೇವ್ ಆದದ್ದು ಸ್ಪೂಲ್‌ನಲ್ಲಿ, ಅಂದರೆ ಝಡ್‌ವಿಎಂ ಇಂಥ ಫೈಲ್‌ಗಳಿಗೆ ಇಟ್ಟಿರುವ ಡಿಸ್ಕ್ ಜಾಗದಲ್ಲಿ, ಕೂರುತ್ತದೆ, ಆದ್ದರಿಂದ ಸ್ಪೂಲ್ ಜಾಗ ಮೊದಲೇ ನೋಡಿಕೊಳ್ಳಿ.

*ಹೆಜ್ಜೆ 3, ಬರೆಯುವವನಿಗೆ ಹಕ್ಕು ಕೊಡುವುದು.* ಹೆಚ್ಚಿನವರು ಸಿಕ್ಕಿಬೀಳುವ ಜಾಗ ಇದು. ಒಬ್ಬ ಗೆಸ್ಟ್ ಸೆಗ್ಮೆಂಟನ್ನು ಬರೆಯುವ ಮೋಡ್‌ನಲ್ಲಿ ತೆರೆಯಬೇಕಾದರೆ ಮೂರರಲ್ಲಿ ಒಂದಾದರೂ ನಿಜವಾಗಿರಬೇಕು. ಸೆಗ್ಮೆಂಟ್ ಆ ಗೆಸ್ಟ್‌ಗೆ ಡೈರೆಕ್ಟರಿಯಲ್ಲಿ ಕೊಟ್ಟಿರುವ ಗರಿಷ್ಠ ಮೆಮೊರಿಯ ಒಳಗೆ ಬರಬೇಕು, ಅಥವಾ ಡೈರೆಕ್ಟರಿಯಲ್ಲಿ ನೇಮ್‌ಸೇವ್ ಸಾಲು ಇರಬೇಕು, ಅಥವಾ ಸೆಗ್ಮೆಂಟನ್ನೇ ಲೋಡ್‌ಎನ್‌ಎಸ್‌ಎಚ್‌ಆರ್ ಆಯ್ಕೆಯೊಂದಿಗೆ ಡಿಫೈನ್ ಮಾಡಿರಬೇಕು. ನನಗೆ ಮೊದಲನೆಯದೇ ಇಷ್ಟ. ಬರೆಯುವ ಗೆಸ್ಟ್‌ನ ಗರಿಷ್ಠ ಮೆಮೊರಿ 16 ಜಿಬಿ ಅಂತ ಬರೆಯಿರಿ, ಅದು ಓಡುವುದು 4 ಜಿಬಿಯಲ್ಲೇ ಇರಲಿ. ಓದುವವರ ಗರಿಷ್ಠ 4 ಜಿಬಿಯಲ್ಲೇ ನಿಲ್ಲಲಿ. ಬೇರೆ ಯಾರೂ ತಪ್ಪಿಯೂ ಬರೆಯಲು ಆಗದ ಹಾಗೆ ಬೀಗ ತಾನಾಗಿ ಬಿತ್ತು. ಲಿನಕ್ಸ್ ಒಳಗಿಂದಲೇ ಸೇವ್ ಮಾಡಬೇಕಾದ್ದರಿಂದ ಈ ಗೆಸ್ಟ್‌ಗೂ ಇ ಕ್ಲಾಸ್ ಬೇಕು. ಇವನೊಬ್ಬನಿಗೆ ಸಾಕು, ಎಲ್ಲರಿಗೂ ಹಂಚಬೇಡಿ.

*ಹೆಜ್ಜೆ 4, ಡೇಟಾ ತುಂಬುವುದು.* ಬರೆಯುವ ಲಿನಕ್ಸ್‌ನಲ್ಲಿ ಡಿಸಿಎಸ್‌ಎಸ್‌ಬಿಎಲ್‌ಕೆ ಮಾಡ್ಯೂಲ್ ಲೋಡ್ ಮಾಡಿ. ಸಿಸ್ ಕೆಳಗೆ ಡಿವೈಸಸ್, ಅದರೊಳಗೆ ಡಿಸಿಎಸ್‌ಎಸ್‌ಬಿಎಲ್‌ಕೆ ಡೈರೆಕ್ಟರಿ ಹುಟ್ಟುತ್ತದೆ. ಅಲ್ಲಿರುವ ಆ್ಯಡ್ ಫೈಲ್‌ಗೆ ಸೆಗ್ಮೆಂಟ್ ಹೆಸರನ್ನು ಎಕೋ ಮಾಡಿ. ಸಾಧನ ಬರುತ್ತದೆ, ಹೆಸರಿನ ಕೊನೆಗೆ 0. ಅದು ಮೊದಲಿಗೆ ಹಂಚಿದ ಮೋಡ್‌ನಲ್ಲಿರುತ್ತದೆ. ಸೆಗ್ಮೆಂಟ್ ಹೆಸರಿನ ಡೈರೆಕ್ಟರಿಯೊಳಗಿನ ಶೇರ್ಡ್ ಫೈಲ್‌ಗೆ 0 ಬರೆಯಿರಿ, ಬರೆಯುವ ಮೋಡ್‌ಗೆ ಬಂದಿರಿ. ಈಗ ಇಎಕ್ಸ್‌ಟಿ2 ಫೈಲ್ ಸಿಸ್ಟಂ ಮಾಡಿ, ಬ್ಲಾಕ್ ಗಾತ್ರ 4096 ಅಂತ ಬಾಯಿಬಿಟ್ಟು ಹೇಳಿ. ಇಎಕ್ಸ್‌ಟಿ2 ಯಾಕೆ ಅಂದರೆ ಜರ್ನಲ್ ಇಲ್ಲ, ಓದಲು ಮಾತ್ರ ಇರುವ ಜಾಗಕ್ಕೆ ಅದರ ಗೊಡವೆಯೂ ಬೇಕಿಲ್ಲ. ಮೌಂಟ್ ಮಾಡಿ, ಕಾಪಿ ಮಾಡಿ, ಅನ್‌ಮೌಂಟ್ ಮಾಡಿ. ಕೊನೆಗೆ ಅಲ್ಲೇ ಇರುವ ಸೇವ್ ಫೈಲ್‌ಗೆ 1 ಬರೆಯಿರಿ.

ಈ ಸೇವ್ ಮರೆತರೆ ಏನಾಗುತ್ತದೆ? ನೀವು ಬರೆದದ್ದು ನಿಮ್ಮ ಖಾಸಗಿ ಪ್ರತಿಯಲ್ಲಿ ಮಾತ್ರ ಇರುತ್ತದೆ. ಬರೆಯುವ ಮೋಡ್ ಅಂದರೆ ಎಲ್ಲರ ಪುಟದ ಮೇಲೆ ಬರೆಯುತ್ತಿದ್ದೀರಿ ಅಂತ ಅಲ್ಲ, ನಿಮಗಾಗಿ ತೆಗೆದ ಒಂದು ಪ್ರತಿಯ ಮೇಲೆ ಬರೆಯುತ್ತಿದ್ದೀರಿ ಅಂತ. ಸಾಧನ ತೆಗೆದರೆ ಅದೂ ಹೋಯಿತು.

*ಹೆಜ್ಜೆ 5, ಓದುವವರು.* ಪ್ರತಿ ಗೆಸ್ಟ್‌ನಲ್ಲೂ ಮಾಡ್ಯೂಲ್, ಆ್ಯಡ್, ಆಮೇಲೆ ಆರ್‌ಓ ಮತ್ತು ಡ್ಯಾಕ್ಸ್ ಆಯ್ಕೆಗಳೊಂದಿಗೆ ಮೌಂಟ್. ಎಲ್ಲ ಗುಟ್ಟೂ ಡ್ಯಾಕ್ಸ್‌ನಲ್ಲೇ ಇದೆ. ಅದಿದ್ದರೆ ಕರ್ನೆಲ್ ಪೇಜ್ ಕ್ಯಾಶ್‌ಗೆ ಕಾಪಿ ಮಾಡದೆ ಸೆಗ್ಮೆಂಟ್‌ನ ಪುಟಗಳನ್ನೇ ನೇರ ಬಳಸುತ್ತದೆ. ಅದಿಲ್ಲದಿದ್ದರೆ ಡಿಸ್ಕ್ ಓದುವುದು ತಪ್ಪಿತು ನಿಜ, ಆದರೆ ಪ್ರತಿ ಗೆಸ್ಟ್ ಮತ್ತೆ ತನ್ನದೇ ಕಾಪಿ ಇಟ್ಟುಕೊಳ್ಳುತ್ತದೆ, ಮೇಲಿನ 10 ಜಿಬಿ ಲೆಕ್ಕಕ್ಕೇ ವಾಪಸ್. ಹಳೆಯ ಕರ್ನೆಲ್‌ಗಳಲ್ಲಿ ಈ ಆಯ್ಕೆಯ ಹೆಸರು ಎಕ್ಸ್‌ಐಪಿ, 2015ರ 4.0 ಕರ್ನೆಲ್‌ನಲ್ಲಿ ಡ್ಯಾಕ್ಸ್ ಅದರ ಜಾಗಕ್ಕೆ ಬಂತು. ತೀರಾ ಹೊಸ ಕರ್ನೆಲ್ ಹಾಕುವವರೂ ಹುಷಾರು. 2025ರಲ್ಲಿ ಈ ಡ್ರೈವರ್‌ನ ಡ್ಯಾಕ್ಸ್ ಭಾಗವನ್ನು ಕೆಟ್ಟಿದೆ ಅಂತ ಗುರುತು ಹಾಕಿ ಆಫ್ ಮಾಡಿದ ಬದಲಾವಣೆ ಕರ್ನೆಲ್‌ಗೆ ಸೇರಿದೆ. ಆಯ್ಕೆ ಸಿಗದಿದ್ದರೆ ಇಎಕ್ಸ್‌ಟಿ2 ಗಲಾಟೆ ಮಾಡುವುದಿಲ್ಲ, ಲಾಗ್‌ನಲ್ಲಿ ಒಂದು ಸಾಲು ಬರೆದು ಸುಮ್ನೆ ಡ್ಯಾಕ್ಸ್ ಇಲ್ಲದೆಯೇ ಮೌಂಟ್ ಆಗಿಬಿಡುತ್ತದೆ. ಅದಕ್ಕೇ ಮೌಂಟ್ ಪಟ್ಟಿಯಲ್ಲಿ ಡ್ಯಾಕ್ಸ್ ಪದ ಕಾಣುತ್ತದಾ ಅಂತ ಕಣ್ಣಾರೆ ನೋಡಿ.

ಆ್ಯಡ್ ಮಾಡುವಾಗಲೇ ತಪ್ಪು ಬಂದರೆ ಕರ್ನೆಲ್ ಲಾಗ್ ತೆರೆಯಿರಿ. ಬಳಕೆಯಲ್ಲಿರುವ ಮೆಮೊರಿಯ ಮೇಲೆ ಬೀಳುತ್ತಿದೆ ಅಂದರೆ ಹೆಜ್ಜೆ 1ರ ಲೆಕ್ಕ ತಪ್ಪಿದೆ. ಕರ್ನೆಲ್ ಮ್ಯಾಪ್ ಮಾಡುವ ವ್ಯಾಪ್ತಿ ಮೀರಿದೆ ಅಂದರೆ ಬೂಟ್ ಸಾಲಿನಲ್ಲಿ ಯಾರೋ ಮೆಮ್ ಅಂತ ಮಿತಿ ಹಾಕಿದ್ದಾರಾ ನೋಡಿ. ಬೂಟ್ ಆದಾಗಲೇ ಬರಬೇಕಾದರೆ ಡಿಸಿಎಸ್‌ಎಸ್‌ಬಿಎಲ್‌ಕೆ ಡಾಟ್ ಸೆಗ್ಮೆಂಟ್ಸ್ ಪ್ಯಾರಾಮೀಟರ್‌ಗೆ ಹೆಸರು ಕೊಡಿ, ಎಫ್‌ಸ್ಟ್ಯಾಬ್‌ಗೂ ಒಂದು ಸಾಲು ಸೇರಿಸಿ.

ಈಗ ಮತ್ತೆ ಕ್ವೆರಿ ಎನ್‌ಎಸ್‌ಎಸ್ ಮ್ಯಾಪ್. ಬಳಕೆದಾರರ ಸಂಖ್ಯೆಯ ಕಾಲಂನಲ್ಲಿ ನಿಮ್ಮ ಗೆಸ್ಟ್‌ಗಳಷ್ಟೇ ಸಂಖ್ಯೆ ಕಂಡರೆ ಹಂಚಿಕೆ ನಿಜಕ್ಕೂ ನಡೆಯುತ್ತಿದೆ.

*ಹೆಜ್ಜೆ 6, ಡೇಟಾ ಬದಲಾದಾಗ.* ಬರೆಯುವವನು ಹೆಜ್ಜೆ 4 ಮತ್ತೆ ಮಾಡುತ್ತಾನೆ, ಫೈಲ್ ಸಿಸ್ಟಂ ಹೊಸದಾಗಿ ಮಾಡುವುದೊಂದನ್ನು ಬಿಟ್ಟು. ಸೇವ್ ಆದ ತಕ್ಷಣ ಹೊಸ ಪ್ರತಿ ಎ ಆಗುತ್ತದೆ, ಹಳೆಯದು ಪಿ ಆಗುತ್ತದೆ, ಅಂದರೆ ಅಳಿಸಬೇಕಾದದ್ದು, ಆದರೆ ಇನ್ನೂ ಯಾರೋ ಬಳಸುತ್ತಿದ್ದಾರೆ. ಈಗಾಗಲೇ ಮೌಂಟ್ ಮಾಡಿದವರು ಹಳೆಯದನ್ನೇ ಓದುತ್ತಿರುತ್ತಾರೆ, ಅವರಿಗೆ ಏನೂ ತೊಂದರೆ ಇಲ್ಲ. ಇದು ನನಗೆ ತುಂಬ ಹಿಡಿಸಿದ ವಿಷಯ, ಮಿನಿಡಿಸ್ಕ್‌ನ ಹಾಗೆ ಎಲ್ಲರನ್ನೂ ಒಟ್ಟಿಗೆ ಇಳಿಸುವ ಗೋಳಿಲ್ಲ. ಒಬ್ಬೊಬ್ಬರಾಗಿ ಬಿಡುವಾದಾಗ ಅನ್‌ಮೌಂಟ್, ರಿಮೂವ್, ಆ್ಯಡ್, ಮೌಂಟ್ ಮಾಡಿಕೊಂಡರೆ ಹೊಸದಕ್ಕೆ ಬರುತ್ತಾರೆ. ಕೊನೆಯವರು ಬಿಟ್ಟಾಗ ಪಿ ತಾನಾಗಿ ಹೋಗುತ್ತದೆ. ಅಲ್ಲಿಯವರೆಗೆ ಎರಡು ಪ್ರತಿಗಳ ಜಾಗ ಹಿಡಿದಿರುತ್ತದೆ. ವಾರಗಟ್ಟಲೆ ಪಿ ಕಾಣುತ್ತಿದ್ದರೆ ಯಾವುದೋ ಗೆಸ್ಟ್ ಮರೆತುಹೋಗಿದೆ ಅಂತ ಅರ್ಥ.

ದಿನಕ್ಕೆ ಒಂದೆರಡು ಸಲ ಬದಲಾಗುವ ಡೇಟಾಕ್ಕೆ ಇದು ಸರಿ. ನಿಮಿಷ ನಿಮಿಷಕ್ಕೂ ಬದಲಾಗುವುದಕ್ಕೆ ಆಗುವುದಿಲ್ಲ. ಅಲ್ಲಿಂದ ನೆಟ್‌ವರ್ಕ್‌ನ ಸರದಿ.

ಹರಿಯುವ ಡೇಟಾಕ್ಕೆ: ಹೈಪರ್‌ಸಾಕೆಟ್ಸ್

2001ರಲ್ಲಿ ಝಡ್900 ಯಂತ್ರಕ್ಕೆ ಬಂದದ್ದು ಇದು. ಕೇಬಲ್ ಇಲ್ಲದ ನೆಟ್‌ವರ್ಕ್, ಕಳಿಸುವವನ ಮೆಮೊರಿಯಿಂದ ಪಡೆಯುವವನ ಮೆಮೊರಿಗೆ ನೇರ ಕಾಪಿ. ಆ ಕಾಪಿ ಮಾಡುವುದು ಕಳಿಸುವವನ ಪ್ರೊಸೆಸರ್ ಅನ್ನುವುದನ್ನು ನೆನಪಿಡಿ, ಸಿಪಿಯು ತುಂಬಿ ತುಳುಕುತ್ತಿರುವ ಗೆಸ್ಟ್‌ನಿಂದ ಪವಾಡ ನಿರೀಕ್ಷಿಸಬೇಡಿ.

ಎಲ್‌ಪಾರ್‌ಗಳ ನಡುವೆ ಬೇಕಾದರೆ ಐಕ್ಯೂಡಿ ಬಗೆಯ ಚಾನೆಲ್ ಬೇಕು, ಅದನ್ನು ಯಂತ್ರದ ಐ/ಓ ಕಾನ್ಫಿಗರೇಷನ್ ನೋಡಿಕೊಳ್ಳುವವರು ಮಾಡಿಕೊಡಬೇಕು. ಒಂದೇ ಝಡ್‌ವಿಎಂ ಒಳಗೆ ಆದರೆ ಸಿಪಿಯೇ ಅದನ್ನು ಅನುಕರಿಸುತ್ತದೆ. ಬಿ ಕ್ಲಾಸ್ ಇರುವ ಐಡಿಯಿಂದ ಡಿಫೈನ್ ಲ್ಯಾನ್ ಕೊಡಿ, ಮಾಲೀಕ ಸಿಸ್ಟಂ, ಬಗೆ ಹೈಪರ್‌ಸಾಕೆಟ್ಸ್, ಎಂಎಫ್‌ಎಸ್ (ಗರಿಷ್ಠ ಫ್ರೇಮ್ ಗಾತ್ರ) 64ಕೆ. ಪ್ರತಿ ಗೆಸ್ಟ್‌ನಲ್ಲಿ ಡಿಫೈನ್ ನಿಕ್ 7000 (ನಿಕ್ ಅಂದರೆ ವರ್ಚುವಲ್ ನೆಟ್‌ವರ್ಕ್ ಕಾರ್ಡ್), ಅದೇ ಬಗೆ, ಆಮೇಲೆ ಕಪಲ್ ಕಮಾಂಡ್‌ನಿಂದ ಆ ಲ್ಯಾನ್‌ಗೆ ಜೋಡಿಸಿ. ಗೆಸ್ಟ್ ಲಾಗಾಫ್ ಆದರೆ ನಿಕ್ ಮತ್ತು ಈ ಜೋಡಣೆ ಹೋಗುತ್ತವೆ, ಖಾಯಂ ಬೇಕಾದರೆ ಡೈರೆಕ್ಟರಿಯಲ್ಲಿ ನಿಕ್‌ಡೆಫ್ ಸಾಲು ಹಾಕಿ.

ಲಿನಕ್ಸ್‌ನಲ್ಲಿ ಸಿಎಚ್‌ಝಡ್‌ಡೆವ್ ಬಳಸಿ ಕ್ಯೂಎತ್ (ಈ ಕಾರ್ಡ್‌ನ ಲಿನಕ್ಸ್ ಡ್ರೈವರ್) ಸಾಧನ 7000 ಎನೇಬಲ್ ಮಾಡಿ. ಅದು 7000, 7001, 7002 ಮೂರನ್ನೂ ಒಟ್ಟಿಗೆ ತೆಗೆದುಕೊಳ್ಳುತ್ತದೆ, ಒಂದು ಓದಲು, ಒಂದು ಬರೆಯಲು, ಒಂದು ಡೇಟಾಕ್ಕೆ. ಐಪಿ ವಿಳಾಸ ಬೇರೆಯದೇ ಸಬ್‌ನೆಟ್‌ನಲ್ಲಿ ಕೊಡಿ. ಇಲ್ಲದಿದ್ದರೆ ಟ್ರಾಫಿಕ್ ಹಳೆಯ ದಾರಿಯಲ್ಲೇ ಹೋಗುತ್ತಿರುತ್ತದೆ, ನೀವು ಹೈಪರ್‌ಸಾಕೆಟ್ಸ್ ನಿಧಾನ ಅಂತ ಬೈಯುತ್ತಿರುತ್ತೀರಿ.

ಎಂಟಿಯು, ಅಂದರೆ ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ, ಫ್ರೇಮ್ ಗಾತ್ರಕ್ಕೆ ತಕ್ಕಂತೆ ಇರಲಿ. 16ಕೆ ಫ್ರೇಮ್‌ಗೆ 8192, 24ಕೆಗೆ 16384, 40ಕೆಗೆ 32768, 64ಕೆಗೆ 57344. ದೊಡ್ಡ ಫೈಲ್‌ಗಳಿಗೆ 57344 ಹಾಕಿ, ಎರಡೂ ಕಡೆ ಒಂದೇ ಇರಬೇಕು. ಪರೀಕ್ಷೆಗೆ ಪಿಂಗ್ ಕಮಾಂಡ್‌ಗೆ ಚೂರು ಮಾಡಬೇಡ ಅನ್ನುವ ಆಯ್ಕೆ ಕೊಟ್ಟು ಗಾತ್ರ 57316 ಇಡಿ, ಹೆಡರ್‌ಗಳ 28 ಬೈಟ್ ಸೇರಿದರೆ ಸರಿಯಾಗಿ 57344 ಆಗುತ್ತದೆ. ಅದು ಹೋದರೆ ದಾರಿ ಸ್ವಚ್ಛ.

ಪಡೆಯುವವನ ಬಳಿ ಖಾಲಿ ಬಫರ್ ಇಲ್ಲದಿದ್ದರೆ ಪ್ಯಾಕೆಟ್ ಬೀಳುತ್ತವೆ. ಕ್ಯೂಎತ್‌ನ ಬಫರ್ ಕೌಂಟ್ 128 ಇದೆಯಾ ನೋಡಿ. 64ಕೆ ಫ್ರೇಮ್‌ನಲ್ಲಿ ಪ್ರತಿ ಬಫರ್ 64 ಕೆಬಿ, 128 ಅಂದರೆ 8 ಎಂಬಿ. ಒಂದು ಗೆಸ್ಟ್‌ಗೆ ಏನೂ ಅಲ್ಲ, ಇನ್ನೂರು ಗೆಸ್ಟ್‌ಗೆ 1600 ಎಂಬಿ. ಟಿಸಿಪಿಯ ಆರ್‌ಮೆಮ್, ಡಬ್ಲ್ಯೂಮೆಮ್ (ಪಡೆಯುವ, ಕಳಿಸುವ ಬಫರ್) ಗರಿಷ್ಠಗಳನ್ನೂ ಏರಿಸಿ, ಇಷ್ಟು ದೊಡ್ಡ ಎಂಟಿಯುಗೆ ಪುಟ್ಟ ವಿಂಡೋ ಇಟ್ಟರೆ ಉಪಯೋಗ ಇಲ್ಲ.

ಅಂದ ಹಾಗೆ, ನಿಮ್ಮಲ್ಲಿ ಈಗಾಗಲೇ ವಿಸ್ವಿಚ್ (ಝಡ್‌ವಿಎಂನ ವರ್ಚುವಲ್ ನೆಟ್‌ವರ್ಕ್ ಸ್ವಿಚ್) ಇದ್ದೇ ಇರುತ್ತದೆ. ಒಂದೇ ವಿಸ್ವಿಚ್ ಮೇಲಿನ ಇಬ್ಬರು ಗೆಸ್ಟ್‌ಗಳ ಪ್ಯಾಕೆಟ್ ಹೊರಗಿನ ಓಎಸ್‌ಎ ನೆಟ್‌ವರ್ಕ್ ಕಾರ್ಡ್‌ಗೆ ಹೋಗುವುದೇ ಇಲ್ಲ, ಸಿಪಿ ಒಳಗೇ ತಿರುಗಿಸುತ್ತದೆ. ಎಷ್ಟೋ ಸಲ ಅದರಲ್ಲಿ ಎಂಟಿಯು 8992 ಮಾಡಿದರೆ ಸಾಕಾಗಿಬಿಡುತ್ತದೆ. ಅಳೆದು ನೋಡಿ, ಸಾಕಾದರೆ ಅಲ್ಲೇ ನಿಲ್ಲಿಸಿ.

ಎಸ್‌ಎಂಸಿ-ಡಿ, ಎರಡರ ನಡುವಿನ ದಾರಿ

ಇದರಲ್ಲಿ ಪ್ರೋಗ್ರಾಂ ಬದಲಿಸದೆ ಟಿಸಿಪಿ ಸಂಪರ್ಕಗಳು ಹಂಚಿದ ಮೆಮೊರಿಗೆ ತಿರುಗುತ್ತವೆ. ಕೈಕುಲುಕುವುದು ಮಾಮೂಲಿ ಟಿಸಿಪಿಯಲ್ಲಿ, ಎರಡೂ ಕಡೆ ಒಪ್ಪಿದರೆ ಡೇಟಾ ಐಎಸ್‌ಎಂ ಅನ್ನುವ ವರ್ಚುವಲ್ ಪಿಸಿಐ ಸಾಧನದ ಮೂಲಕ ನೇರ ಇನ್ನೊಬ್ಬರ ಮೆಮೊರಿಗೆ. ಯಂತ್ರ ಝಡ್13 ಅಥವಾ ನಂತರದ್ದು ಬೇಕು, ಕರ್ನೆಲ್ 4.19 ಅಥವಾ ಮೇಲೆ. ಎರಡೂ ಗೆಸ್ಟ್‌ಗಳಿಗೆ ಐಎಸ್‌ಎಂ ಫಂಕ್ಷನ್ ಜೋಡಿಸಿ, ಎಸ್‌ಎಂಸಿ-ಟೂಲ್ಸ್ ಹಾಕಿ, ನಿಮ್ಮ ಪ್ರೋಗ್ರಾಂ ಹೆಸರಿನ ಮುಂದೆ ಎಸ್‌ಎಂಸಿ_ರನ್ ಅಂತ ಸೇರಿಸಿ ಓಡಿಸಿ. ಎರಡೂ ಕಡೆ ಹಾಗೆಯೇ ಓಡಿಸಬೇಕು, ಒಂದೇ ಕಡೆ ಮಾಡಿದರೆ ಪ್ರಯೋಜನ ಇಲ್ಲ. ಯುಡಿಪಿಗೆ ಇದು ಆಗುವುದಿಲ್ಲ.

ತೊಂದರೆ ಏನೆಂದರೆ ಒಪ್ಪಂದ ಕುದುರದಿದ್ದರೆ ಅದು ಸದ್ದಿಲ್ಲದೆ ಹಳೆಯ ಟಿಸಿಪಿಗೇ ಇಳಿದುಬಿಡುತ್ತದೆ. ಕೆಲಸ ನಡೆಯುತ್ತಲೇ ಇರುತ್ತದೆ, ವೇಗ ಮಾತ್ರ ಇರುವುದಿಲ್ಲ. ಎಸ್‌ಎಂಸಿಎಸ್‌ಎಸ್ ಕಮಾಂಡ್‌ಗೆ ಎ ಆಯ್ಕೆ ಕೊಟ್ಟು ಮೋಡ್ ಕಾಲಂ ನೋಡಿ. ಎಸ್‌ಎಂಸಿಡಿ ಅಂತಿದ್ದರೆ ಸರಿ. ಟಿಸಿಪಿ ಅಂತಿದ್ದರೆ ನೆಟ್‌ವರ್ಕ್ ಸಾಧನದ ಮತ್ತು ಐಎಸ್‌ಎಂ ಸಾಧನದ ಪಿನೆಟ್‌ಐಡಿ (ಯಾವ ಭೌತಿಕ ನೆಟ್‌ವರ್ಕ್ ಅನ್ನುವ ಗುರುತು) ಒಂದೇ ಇದೆಯಾ ಅಂತ ಮೊದಲು ನೋಡಿ, ನಾನು ನೋಡಿದ ಮಟ್ಟಿಗೆ ಎಡವಟ್ಟು ಹೆಚ್ಚಾಗಿ ಅಲ್ಲೇ ಇರುತ್ತದೆ. ಅದು ಸರಿ ಇದ್ದರೆ, ಎದುರಿನ ಗೆಸ್ಟ್‌ನಲ್ಲಿ ಸರ್ವಿಸ್ ರೀಸ್ಟಾರ್ಟ್ ಆದಾಗ ಎಸ್‌ಎಂಸಿ_ರನ್ ಇಲ್ಲದೆ ಶುರುವಾಗಿದೆಯಾ ನೋಡಿ.